ಏಳು ಗುಡ್ಡದ ದೇವರ ಹೆಸರು

ದೇವದುರ್ಗದ ಬಸ್ ನಿಲ್ದಾಣದ ಎದುರಿಗೆ ಮಂಡಾಳು ಒಗ್ಗರಣೆ, ಮಿರ್ಚಿ ಮಾಡಿ ಮಾರುವ ಹುಲಗೆಮ್ಮ ಕೂತದ್ದನ್ನು ನೋಡಿದವರು ಕಡಿಮೆ. ಒಲೆ ಹಚ್ಚಿದಾಗಿನಿಂದ ಎಣ್ಣೆಯ ಬಾಂಡಲೆ ಇಳಿಸುವವರೆಗೂ ನಿಂತೇ ಇರುತ್ತಾಳೆ. ಗಿರಾಕಿ ಇಲ್ಲದಾಗ ಹಿಟ್ಟು ಕಲಸುತ್ತಾಳೆ. ಕಲಸುವ ಹಿಟ್ಟೂ ಇಲ್ಲದಿದ್ದರೆ ಒರೆಸಿದ ಹಲಗೆಯನ್ನೇ ಮತ್ತೊಮ್ಮೆ ಒರೆಸುತ್ತಾಳೆ.

"ಕುಂದ್ರಬೇ ಯವ್ವಾ, ನಿನ್ನ ನೋಡಿ ನಮಗ ಕಾಲು ನೋಯಾಕತ್ತಾವ" ಎಂದು ಡ್ರೈವರುಗಳು ಕಾಡುತ್ತಾರೆ.

"ನಾ ಕುಂತ್ರ ಮಿರ್ಚಿ ಯಾರು ಕರೀತಾರಲೇ, ನಿಮ್ಮತ್ತಿ ಬರ್ತಾಳೇನು?" ಎಂದು ಇವಳೂ ಬಿಡುವುದಿಲ್ಲ.

ಈಚೆಗೆ ಆ ನಿಲ್ಲುವುದೇ ಕಷ್ಟವಾಗಿತ್ತು. ಮುಟ್ಟು ನಿಲ್ಲಬೇಕಾದ ವಯಸ್ಸಿನಲ್ಲಿ ಅದು ನಿಲ್ಲದೆ ಹರಿಯತೊಡಗಿತು. ಹೆಣ್ಣುಮಕ್ಕಳು ಇಂಥದ್ದನ್ನು ಹೇಳಿಕೊಳ್ಳುವುದು ತಡ. ಹುಲಗೆಮ್ಮ ಇನ್ನೂ ತಡ. ಒಂದು ದಿನ ಕಣ್ಣು ಕತ್ತಲಿಟ್ಟು ಒಲೆಯ ಪಕ್ಕದಲ್ಲೇ ಕುಸಿದಾಗ ಅವಳ ಗಂಡ ಯಂಕೋಬ ತನ್ನ ಟಂಟಂ ಆಟೋದಲ್ಲಿ ಹಾಕಿಕೊಂಡು ತಾಲೂಕು ಆಸ್ಪತ್ರೆಗೆ ಒಯ್ದ. ಡಾಕ್ಟರಮ್ಮ ನೋಡಿ, ಗರ್ಭಚೀಲದಲ್ಲಿ ಗಡ್ಡೆಗಳಿವೆ, ತೆಗೆಸಲೇಬೇಕು, ರಕ್ತ ಹೀಗೇ ಹೋಗುತ್ತಿದ್ದರೆ ಜೀವಕ್ಕೆ ಬರುತ್ತದೆ ಅಂದರು. ರಾಯಚೂರಿಗೆ ಹೋಗಿ, ಆರೋಗ್ಯ ಕಾರ್ಡ್ ಇದೆಯಲ್ಲ, ಅದರಲ್ಲೇ ಆಗುತ್ತದೆ ಎಂದು ಚೀಟಿ ಬರೆದುಕೊಟ್ಟರು.

ಇದನ್ನೆಲ್ಲ ಹುಲಗೆಮ್ಮ ನನಗೆ ಒಂದೇ ಸಲಕ್ಕೆ ಹೇಳಿದ್ದಲ್ಲ. ಶುಕ್ರವಾರ ಗುಡಿಯಿಂದ ಬರುವಾಗ ನಾನು ಅವಳ ಒಲೆಯ ಹತ್ತಿರ ನಿಲ್ಲುತ್ತೇನೆ. ಅವಳು ಈರುಳ್ಳಿ ಹೆಚ್ಚುತ್ತಾ ಒಂದಿಷ್ಟು ಹೇಳುತ್ತಾಳೆ, ಗಿರಾಕಿ ಬಂದರೆ ಅಲ್ಲಿಗೇ ಬಿಡುತ್ತಾಳೆ. ಬಿಟ್ಟಲ್ಲಿಂದ ನಾನು ಹಿಡಿದುಕೊಂಡಿದ್ದೇನೆ, ಅಷ್ಟೆ.

ರಾಯಚೂರಿಗೆ ಮಗಳು ಅಂಬಿಕಾ ಜೊತೆಗೆ ಹೋದಳು. ಆಸ್ಪತ್ರೆಯ ಕೌಂಟರಿನಲ್ಲಿ ಉಮಾಶ್ರೀ ಎಂಬ ಹುಡುಗಿ ಕಾರ್ಡಿನ ಸಂಖ್ಯೆ ಒತ್ತಿದಳು, ಪರದೆ ನೋಡಿದಳು, ಮತ್ತೆ ಒತ್ತಿದಳು.

"ಯವ್ವಾ, ನಿಮ್ದು ಆಗ್ಯಾದಲ್ಲರೀ."

"ಏನಾಗ್ಯಾದ?"

"ಆಪರೇಷನ್. ಗರ್ಭಚೀಲ ಆಗಲೇ ತೆಗದಾರಂತ ತೋರಸಾಕತ್ತದ. ಎರಡು ವರ್ಷ ಆತು."

ಹುಲಗೆಮ್ಮ ತನ್ನ ಹೊಟ್ಟೆಯ ಕಡೆ ನೋಡಿಕೊಂಡಳು. "ತೆಗದಿದ್ರ ಇಲ್ಲಿ ಇರೋದು ಯಾರ್ದು?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಂಬಿಕಾ ತಾಯಿಯ ಸೆರಗು ಜಗ್ಗಿದಳು. ಉಮಾಶ್ರೀ ನಗಲಿಲ್ಲ. ದನಿ ತಗ್ಗಿಸಿ ಹೇಳಿದಳು: "ನಿಮ್ಮ ಕಾರ್ಡ್ ಯಾರೋ ವಾಪರಿಸ್ಯಾರ. ಒಬ್ರಿಗೆ ಎರಡು ಸಲ ಅದೇ ಆಪರೇಷನ್ ಮಾಡಾಕ ಬರಂಗಿಲ್ಲ, ಅದಕ್ಕ ಕಂಪ್ಯೂಟರ್ ತಗೋವಲ್ದು. ಈಗ ಹಳೇ ಕಾರ್ಡ್ ತಗೊಂಡು ಹೊಸಾವು ಕೊಡಾಕತ್ತಾರ. ಸಂಖ್ಯೆನೂ ಬ್ಯಾರೆ, ಮುಖ ಬೆರಳು ಎರಡೂ ತಗೋತಾರ. ಅದಾದ್ರ ನಿಮ್ಮ ಹೆಸರಿನಾಗ ಇನ್ನೊಬ್ರು ಬಂದು ಮಲಗಾಕ ಆಗಂಗಿಲ್ಲ. ಮೊದಲ ಅದನ್ನ ಮಾಡಸ್ಕೊಂಡು ಬರ್ರಿ. ನಿಮ್ಮ ಕಾರ್ಡ್ ಆಗಿದ್ದು ಮಾನ್ವಿ ತಾಲೂಕಿನಾಗ, ಮಾನ್ವಿಗೇ ಹೋಗಬೇಕು."

ಅದು ನಿಜ. ಹುಲಗೆಮ್ಮನ ತವರು ಮಾನ್ವಿ ತಾಲೂಕಿನ ಕಲ್ಲೂರು. ತಾಯಿಗೆ ಹುಷಾರಿಲ್ಲದೆ ಅಲ್ಲಿ ಹೋಗಿ ಇದ್ದಾಗ ಊರಿಗೇ ಕಾರ್ಡ್ ಮಾಡುವವರು ಬಂದಿದ್ದರು. ಎಲ್ಲರ ಜೊತೆ ಇವಳೂ ಸಾಲಿನಲ್ಲಿ ನಿಂತು ಮಾಡಿಸಿಕೊಂಡಿದ್ದಳು.

ವಾಪಸು ಬರುವ ಬಸ್ಸಿನಲ್ಲಿ ಸೀಟು ಇತ್ತು, ಕೂರಲಿಲ್ಲ. ಕಂಬಿ ಹಿಡಿದು ನಿಂತಳು. ತನ್ನ ಹೆಸರಿಟ್ಟುಕೊಂಡು ಯಾರೋ ಒಬ್ಬಾಕೆ ಆಸ್ಪತ್ರೆಗೆ ಹೋಗಿ, ಮಂಚದ ಮೇಲೆ ಮಲಗಿ, ಹುಲಗೆಮ್ಮಾ ಎಂದು ಕರೆದರೆ ಓ ಅಂದು, ಎದ್ದು ಮನೆಗೆ ಹೋಗಿದ್ದಾಳೆ. ಅದನ್ನು ನೆನೆದಷ್ಟೂ ಮೈಯೆಲ್ಲ ಇರುವೆ ಹರಿದ ಹಾಗಾಗುತ್ತಿತ್ತು. ಗಬ್ಬೂರು ದಾಟುವ ಹೊತ್ತಿಗೆ ಆ ಒಬ್ಬಾಕೆಗೆ ಮುಖವೂ ಬಂತು. ಪೋತ್ನಾಳದ ಸೂಗಮ್ಮ, ಯಂಕೋಬನ ತಂಗಿ. ಅವಳಿಗೂ ಎರಡು ವರ್ಷದ ಹಿಂದೆ ಇದೇ ಆಪರೇಷನ್ ಆಗಿತ್ತು. ಅದಕ್ಕೂ ಮೊದಲು, "ನಿಂದು ಹೆಂಗದ ನೋಡ್ತೀನಿ ಕೊಡು" ಎಂದು ಇವಳ ಕಾರ್ಡ್ ತೆಗೆದುಕೊಂಡು ಹೋಗಿ ಜೆರಾಕ್ಸ್ ಮಾಡಿಸಿಕೊಂಡಿದ್ದಳು.

"ನನ್ನ ತಂಗಿ ಹಂಗ ಮಾಡೋಳಲ್ಲ" ಅಂದ ಯಂಕೋಬ, ಊಟದ ತಾಟಿನ ಮುಂದೆ.

"ಹೌದು, ನಿನ್ನ ತಂಗಿ ಬಂಗಾರ, ನಾ ಹಿತ್ತಾಳಿ."

"ಕೇಳಿ ನೋಡು ಅಂತೀನಿ. ಬೈಬ್ಯಾಡ ಅಂತೀನಿ."

ಮರುದಿನ ಹುಲಗೆಮ್ಮ ಒಲೆ ಹಚ್ಚಲಿಲ್ಲ. ಮಗಳನ್ನು ಕರೆದುಕೊಂಡು ಮಾನ್ವಿಗೆಂದು ಹೊರಟವಳು ಮೊದಲು ಪೋತ್ನಾಳದಲ್ಲಿ ಇಳಿದಳು. ಸೂಗಮ್ಮನದು ರಸ್ತೆ ಬದಿಯ ಸಣ್ಣ ಅಂಗಡಿ. ಸೋಪು, ಕಡ್ಡಿಪೆಟ್ಟಿಗೆ, ಬಳೆ, ರಿಬ್ಬನ್ನು. ಭತ್ತ ನಾಟಿಗೆ ಹೊರಟ ಹೆಣ್ಣುಮಕ್ಕಳು ಎಲೆ ಅಡಿಕೆ ಕಟ್ಟಿಸಿಕೊಳ್ಳುತ್ತಿದ್ದರು. ಅವರೆದುರಿಗೇ ಹುಲಗೆಮ್ಮ ಶುರು ಮಾಡಿದಳು.

"ನನ್ನ ಕಾರ್ಡಿನ್ಯಾಗ ಆಪರೇಷನ್ ಮಾಡಿಸ್ಕೊಂಡು, ನನ್ನ ಮುಂದ ಏನೂ ಆಗಿಲ್ಲ ಅನ್ನೋ ಹಂಗ ಎರಡು ದೀಪಾವಳಿ ಉಂಡಿಯಲ್ಲ ಸೂಗಮ್ಮಾ."

ಸೂಗಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೈಯಲ್ಲಿದ್ದ ಎಲೆ ಕೆಳಗಿಟ್ಟಳು. "ನಾ ಮಲಗಿದ್ದು ನನ್ನ ಕಾರ್ಡಿನ್ಯಾಗ. ನಿನ್ನ ಹೆಸರು ಇಟ್ಕೊಳ್ಳಾಕ ನನಗೇನು ನಮ್ಮವ್ವ ಹೆಸರು ಇಟ್ಟಿಲ್ಲೇನು?"

"ಜೆರಾಕ್ಸ್ ಯಾಕ ಒಯ್ದಿ ಮತ್ತ?"

"ಅರ್ಜಿ ಹೆಂಗ ತುಂಬೋದು ನೋಡಾಕ ಒಯ್ದೆ. ಕೇಳೇ ಒಯ್ದೆ."

"ಕಳ್ಳಿ ಅನ್ನೋರು ಹಂಗಾ ಅಂತಾರ."

ಸೂಗಮ್ಮ ಒಳಗೆ ಹೋಗಿ ಒಂದು ಚಂಬು ನೀರು ತಂದು ಹಲಗೆಯ ಮೇಲಿಟ್ಟಳು. "ಮುಖ ಬಿಳಿಚಿಕೊಂಡದ. ಕುಡದು ಹೋಗು. ಇನ್ನ ಮ್ಯಾಲೆ ನನ್ನ ಬಾಗಲ ತುಳಿಬ್ಯಾಡ."

ಹುಲಗೆಮ್ಮ ನೀರು ಮುಟ್ಟದೆ ಬಸ್ಸು ಹತ್ತಿದಳು.

ಮಾನ್ವಿಯಲ್ಲಿ ಕಾರ್ಡ್ ಬದಲಿಸುವ ಕೆಲಸ ಒಂದು ಸರ್ಕಾರಿ ಕಟ್ಟಡದ ಪಡಸಾಲೆಯಲ್ಲಿ ನಡೆದಿತ್ತು. ಹೊರಗೆ ಆಟೋ ಒಂದು ಮೈಕಿನಲ್ಲಿ ಕೂಗುತ್ತಿತ್ತು: ಹಳೆಯ ಕಾರ್ಡ್ ತನ್ನಿ, ಹೊಸದು ಪಡೆಯಿರಿ, ನಿಮ್ಮ ಕಾರ್ಡಿನ ನಕಲನ್ನು ಯಾರಿಗೂ ಕೊಡಬೇಡಿ, ಓಟಿಪಿ ಯಾರಿಗೂ ಹೇಳಬೇಡಿ. ಮೇಜಿನ ಹಿಂದೆ ಜಿಲಾನಿ ಪಾಷಾ ಕೂತಿದ್ದ. ನಲವತ್ತರ ಆಳು, ಕಿವಿಯ ಮೇಲೊಂದು ಪೆನ್ನು. ಬಂದವರ ಹೆಬ್ಬೆರಳನ್ನು ತಾನೇ ಒರೆಸಿ ಯಂತ್ರದ ಮೇಲಿಡುತ್ತಿದ್ದ. "ಜೋಳದ ರೊಟ್ಟಿ ತಟ್ಟಿ ತಟ್ಟಿ ಬೆರಳಿನ ಗೆರೀನಾ ಹಾರಿಹೋಗ್ಯಾವಲ್ಲವ್ವಾ" ಎಂದು ಮುಂದಿನ ಮುದುಕಿಗೆ ಹೇಳುತ್ತಿದ್ದ.

ಹುಲಗೆಮ್ಮ ತನ್ನ ಸರದಿ ಬಂದ ಕೂಡಲೇ ಹೇಳಿದಳು. "ನನ್ನ ಕಾರ್ಡ್ ಕಳುವು ಆಗ್ಯಾದ. ಕಳ್ಳಿ ಹೆಸರು ಹೇಳ್ತೀನಿ, ಬರ್ಕೊಳ್ರಿ."

"ಕಾರ್ಡ್ ಕೈಯ್ಯಾಗಾ ಅದಲ್ಲ?"

"ಕಾರ್ಡ್ ಅದ. ಒಳಗಿಂದು ಕಳುವಾಗ್ಯಾದ."

ಪಾಷಾ ನಗು ತಡೆದುಕೊಂಡು ಸಂಖ್ಯೆ ಒತ್ತಿದ. ಬಹಳ ಹೊತ್ತು ಓದಿದ. ಆಮೇಲೆ, "ಯವ್ವಾ, ನಿಮ್ಮ ಗಂಡನ ಹೆಸರು ವೆಂಕಣ್ಣ ಏನು?" ಎಂದು ಕೇಳಿದ.

ಅವಳು ಅಲ್ಲವೆಂದು ತಲೆಯಾಡಿಸಿದಳು.

"ಮತ್ತೇನು?"

ಅವಳು ಮಗಳ ಕಡೆ ನೋಡಿದಳು. ಅಂಬಿಕಾ, "ಯಂಕೋಬರೀ" ಅಂದಳು.

"ಕಾರ್ಡಿನ್ಯಾಗ ವೆಂಕಣ್ಣ ಅಂತ ಅದ. ಮಾಡ್ಸೋ ಮುಂದ ಏನಂತ ಹೇಳಿದ್ರಿ?"

ಹುಲಗೆಮ್ಮ ಸೆರಗು ಬಾಯಿಗೆ ಹಿಡಿದಳು. "ಏಳು ಗುಡ್ಡದ ದೇವ್ರು ಅಂತ ಹೇಳೀನಿ. ನಮ್ಮ ಕಡಿ ಅಷ್ಟಂದ್ರ ಎಲ್ಲಾರಿಗೂ ತಿಳೀತದ."

ಅವಳು ಗಂಡನ ಹೆಸರನ್ನು ಬಾಯಿಂದ ಆಡಿದವಳಲ್ಲ. ಮನೆಯಲ್ಲಿ 'ಅಂಬಿಕಾನ ಅಪ್ಪ', ಹೊರಗೆ ಯಾರಾದರೂ ಕೇಳಿದರೆ 'ಏಳು ಗುಡ್ಡದ ದೇವರ ಹೆಸರು'. ದೇವದುರ್ಗದ ಓಣಿಯಲ್ಲಿ ಅದನ್ನು ಕೇಳಿದವರು ಯಂಕೋಬ ಎಂದೇ ತಿಳಿಯುತ್ತಾರೆ, ಏಕೆಂದರೆ ಯಂಕೋಬನನ್ನು ಅವರು ಬಲ್ಲರು. ಕಲ್ಲೂರಿಗೆ ಕಾರ್ಡ್ ಮಾಡಲು ಬಂದವಳು ಬೇರೆ ಜಿಲ್ಲೆಯ ಹುಡುಗಿ. ಅವಳಿಗೆ ತಿಳಿದ ಏಳು ಬೆಟ್ಟದ ದೇವರು ವೆಂಕಣ್ಣ.

"ಆ ದೇವ್ರಿಗೆ ಒಂದಾ ಹೆಸರೇನವ್ವಾ?" ಅಂದ ಪಾಷಾ. "ವೆಂಕಣ್ಣ ಅದ, ತಿಮ್ಮಪ್ಪ ಅದ, ಶ್ರೀನಿವಾಸ ಅದ. ನಮ್ಮಂಥಾರಿಗೂ ಗೊತ್ತದ. ಆಕಿ ಒಂದು ಆರಿಸ್ಕೊಂಡಾಳ." ಪರದೆಯನ್ನು ಅಂಬಿಕಾಳ ಕಡೆ ತಿರುಗಿಸಿ ತೋರಿಸಿದ. ಅಲ್ಲಿ ಒಂದರ ಕೆಳಗೊಂದು ಎರಡು ಸಾಲು. ಹುಲಗೆಮ್ಮ, ಗಂಡ ವೆಂಕಣ್ಣ, ಕಲ್ಲೂರು. ಮತ್ತೆ ಹುಲಗೆಮ್ಮ, ಗಂಡ ವೆಂಕಣ್ಣ, ಕಲ್ಲೂರು. "ಕಲ್ಲೂರಾಗ ಖರೇನ ವೆಂಕಣ್ಣನ ಹೆಂಡ್ತಿ ಹುಲಗೆಮ್ಮ ಒಬ್ಬಾಕಿ ಅದಾಳ. ಆಪರೇಷನ್ ಆಕೀಗೆ ಆಗ್ಯಾದ. ಆಸ್ಪತ್ರ್ಯಾಗ ಹೆಸರು ಹುಡುಕಿದಾರ, ಮ್ಯಾಲಿಂದು ನಿಮ್ದು ಸಿಕ್ಕದ, ಅದನ್ನಾ ಹಚ್ಯಾರ."

ನಮ್ಮ ಸೀಮೆಯಲ್ಲಿ ಹುಲಿಗಿ ತಾಯಿಗೆ ಹರಕೆ ಹೊತ್ತು ಹುಟ್ಟಿ, ಆ ತಾಯಿಯ ಹೆಸರಿಂದಲೇ ಹುಲಗೆಮ್ಮ ಎನಿಸಿಕೊಂಡ ಹೆಣ್ಣುಮಕ್ಕಳು ಓಣಿಗೊಬ್ಬರು ಸಿಗುತ್ತಾರೆ. ಆ ಮಾತು ಹುಲಗೆಮ್ಮನಿಗೆ ಹೊಸದಲ್ಲ. ಆದರೂ ಅವಳು ಮೇಜಿನ ಅಂಚು ಹಿಡಿದುಕೊಂಡು ನಿಂತಳು. ಪೋತ್ನಾಳದ ಹಲಗೆಯ ಮೇಲೆ ಮುಟ್ಟದೆ ಬಿಟ್ಟು ಬಂದ ನೀರಿನ ಚಂಬು ಕಣ್ಣ ಮುಂದೆ ಬಂತು.

ಪಾಷಾ ಬಿಡಿಸಿ ಹೇಳಿದ. ದಾರಿ ಎರಡು. ಕಾರ್ಡನ್ನು ಬೇರೆಯವರು ಕದ್ದು ಬಳಸಿದರೆಂದು ದೂರು ಕೊಟ್ಟರೆ ಹಳೆಯ ಸಂಖ್ಯೆ ಅಂದೇ ಮುಚ್ಚುತ್ತದೆ, ಹೊಸ ಕಾರ್ಡ್ ಬೇಗ ಬರುತ್ತದೆ. ಆದರೆ ಕಲ್ಲೂರಿನವಳಿಗೆ ನೋಟಿಸು ಹೋಗುತ್ತದೆ, ವಿಚಾರಣೆ ಮುಗಿಯುವವರೆಗೆ ಅವಳ ಕಾರ್ಡ್ ನಡೆಯುವುದಿಲ್ಲ. ಇನ್ನೊಂದು ದಾರಿ ತಿದ್ದುಪಡಿ. ಅದಕ್ಕೆ ಇಬ್ಬರೂ ಒಟ್ಟಿಗೆ ಬಂದು ಇಲ್ಲೇ ನಿಲ್ಲಬೇಕು.

"ಕಳುವು ಅಂತನಾ ಒತ್ರಿ" ಅಂದಳು ಅಂಬಿಕಾ. "ಅಮ್ಮನ ಮೈಯ್ಯಾಗ ರಕ್ತ ಇಲ್ಲ. ಡಾಕ್ಟ್ರು ತಡ ಮಾಡಬ್ಯಾಡ್ರಿ ಅಂದಾರ."

ಪಾಷಾ ಹುಲಗೆಮ್ಮನ ಕಡೆ ನೋಡಿದ. ಹೂಂ ಎಂಬ ಮಾತು ಅವಳ ಬಾಯಿಯವರೆಗೆ ಬಂದಿತ್ತು. ಒಳಗೆ ಹರಿಯುತ್ತಿದ್ದುದು ಅವಳಿಗೆ ತಿಳಿಯುತ್ತಿತ್ತು.

"ಒತ್ತಬ್ಯಾಡ್ರಿ" ಅಂದಳು. "ಮುಂಜಾನಿಂದ ಒಬ್ಬಾಕೀನ್ನ ಕಳ್ಳಿ ಮಾಡಿ ಬಂದೀನಿ. ಇನ್ನೊಬ್ಬಾಕೀನ್ನ ನೋಡಿ ಬರ್ತೀನಿ, ತಡೀರಿ."

ಕಲ್ಲೂರು ತವರೇ ಆದರೂ ವೆಂಕಣ್ಣನ ಮನೆಯವರು ಅವಳ ಮದುವೆಯ ನಂತರ ಆ ಊರಿಗೆ ಬಂದವರು, ಪರಿಚಯವಿರಲಿಲ್ಲ. ಆ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಟ್ಟೆಯ ಮೇಲೆ ಉದ್ದನೆಯ ಆಳು ಒಬ್ಬ ಹಗ್ಗ ಹೊಸೆಯುತ್ತಿದ್ದ. ತಾನೇ ವೆಂಕಣ್ಣ ಎಂದ. ಹೆಂಡತಿ ಮನೆಯಲ್ಲಿಲ್ಲ, ಹೊಲಕ್ಕೆ ಹೋಗಿದ್ದಾಳೆ ಎಂದ. ಹೇಳುತ್ತಿದ್ದಂತೆ ಒಳಗಿನಿಂದ ಮೆಣಸಿನಕಾಯಿಯ ಘಾಟಿಗೆ ಯಾರೋ ಕೆಮ್ಮಿದರು.

"ಹೊಲ ಮನ್ಯಾಗಾ ಬಂದದ ಅನ್ನು" ಎಂದು ಹುಲಗೆಮ್ಮ ಒಳಗೆ ಹೋದಳು.

ಕಲ್ಲೂರ ಹುಲಗೆಮ್ಮ ಗುಡ್ಡೆ ಹಾಕಿದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಕೂತಿದ್ದಳು. ದಪ್ಪ ಮೈ, ಸಣ್ಣ ದನಿ. ಕಾರ್ಡಿನ ವಿಷಯಕ್ಕೆ ದೇವದುರ್ಗದಿಂದ ಯಾರೋ ಬಂದಿದ್ದಾರೆ ಎಂಬುದು ಅವಳಿಗೆ ಓಣಿಯ ಮಕ್ಕಳಿಂದ ಆಗಲೇ ತಿಳಿದಿತ್ತು. ಮೇಲೆ ನೋಡದೆ ಹೇಳಿದಳು: "ನಾ ಯಾರ್ದೂ ಕದ್ದಿಲ್ಲ. ಕಾರ್ಡ್ ಮನ್ಯಾಗ ಮರತು ಹೋಗಿದ್ದೆ. ಅಲ್ಲಿ ಹೆಸರು ಕೇಳಿದ್ರು, ಊರು ಕೇಳಿದ್ರು. ಇವರು ಹೊರಗ ನಿಂತು ತಮ್ಮ ಹೆಸರು ತಾವಾ ಹೇಳಿದ್ರು. ಸಿಕ್ತು, ಮಲಗು ಅಂದ್ರು, ಮಲಗಿದೆ. ಈಗ ತಿರುಗಿ ಕೊಡು ಅಂದ್ರ ಏನು ಕೊಡ್ಲಿ? ತೆಗದು ಒಗದಾರ."

"ಅದನ್ನ ನಾ ಏನು ಮಾಡ್ಲಿಬೇ, ನಂದಾ ನನಗ ಹೆಚ್ಚಾಗ್ಯಾದ."

ಅಂಬಿಕಾ ನಕ್ಕಳು. ಕಲ್ಲೂರ ಹುಲಗೆಮ್ಮ ಮೊದಲ ಸಲ ತಲೆಯೆತ್ತಿ ಬಂದವಳನ್ನು ನೋಡಿದಳು. ಬಿಳಿಚಿದ ತುಟಿ, ಬಾಗಿಲ ಚೌಕಟ್ಟು ಹಿಡಿದ ಕೈ. ಆ ಮುಖ ಅವಳಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ತನ್ನ ಕನ್ನಡಿಯಲ್ಲಿ ನೋಡಿದ್ದಳು.

"ಇನ್ನೂ ಹರಿಯಾಕತ್ತದೇನು?"

"ಹರಿಯಾಕತ್ತದ."

"ರಾತ್ರಿ ಕಾಲು ಸೆಳೀತಾವೇನು?"

"ಹಗಲೂ ಸೆಳೀತಾವ."

ಕಲ್ಲೂರ ಹುಲಗೆಮ್ಮ ಮಡಿಲಿನ ತೊಟ್ಟು ಕೊಡವಿಕೊಂಡಳು. ಆದರೂ ಎದ್ದೇಳಲಿಲ್ಲ. "ಅಲ್ಲಿ ಪೊಲೀಸರು ಇರಂಗಿಲ್ಲಲ್ಲ?"

"ಪಾಷಾ ಅಂತ ಒಬ್ಬ ಅದಾನ. ಮಾತು ಭಾಳ ಆಡ್ತಾನ. ಅಷ್ಟಾ."

ಹುಲಗೆಮ್ಮ ಆ ರಾತ್ರಿ ತವರಿನಲ್ಲೇ ಉಳಿದಳು. ಮರುದಿನ ಇಬ್ಬರು ಹುಲಗೆಮ್ಮರೂ ಮಾನ್ವಿಯ ಪಡಸಾಲೆಯಲ್ಲಿ ನಿಂತರು. ಮುಖದ ಫೋಟೋ ತೆಗೆದದ್ದಾಯಿತು, ಹೆಬ್ಬೆರಳು ಒತ್ತಿದ್ದಾಯಿತು. ಕೊನೆಗೆ ಪಾಷಾ ಮೊಬೈಲನ್ನು ಎದುರಿಗೆ ಹಿಡಿದ. "ಈಗ ನಿಮ್ಮ ನಿಮ್ಮ ಗಂಡನ ಹೆಸರು ಬಾಯಿಲೆ ಹೇಳಬೇಕು. ವಿಡಿಯೋ ಆಗ್ತದ. ತಪ್ಪು ಆಗಿದ್ದಾ ಅದರಾಗ, ಅದಕ್ಕ ಅದನ್ನ ಬಿಡಾಕ ಬರಂಗಿಲ್ಲ."

ಕಲ್ಲೂರಿನವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಮಗಳು ಹೇಳ್ತಾಳ" ಅಂದಳು ಹುಲಗೆಮ್ಮ.

"ಮನಿಯವ್ರು ಹೇಳಿದ್ರ ನಡೆಯಂಗಿಲ್ಲ. ಒಂದೋ ನೀವು ಹೇಳಬೇಕು, ಇಲ್ಲ ಸಂಬಂಧ ಇಲ್ಲದವ್ರು ನಿಮ್ಮ ಪರವಾಗಿ ಹೇಳಿ ಹೆಬ್ಬೆಟ್ಟು ಒತ್ತಬೇಕು."

ಹೆಸರು ಆಡದ್ದಕ್ಕೇ ಇಷ್ಟೆಲ್ಲ ಆಯಿತೆಂದು ಹಿಂದಿನ ರಾತ್ರಿ ಫೋನಿನಲ್ಲಿ ಕೇಳಿದ ಯಂಕೋಬ, ಇನ್ನು ಯಾರಾದರೂ ಕೇಳಿದರೆ ಹೇಳಿಬಿಡು, ನನಗೇನೂ ಆಗಂಗಿಲ್ಲ ಎಂದಿದ್ದ. ನಿನಗ ಆಗಂಗಿಲ್ಲ, ನನಗ ಆಗತದ ಎಂದಿದ್ದಳು ಹುಲಗೆಮ್ಮ. ಇದನ್ನು ಮೌಢ್ಯ ಅನ್ನುವವರಿದ್ದಾರೆ. ನನಗೆ ಹಾಗನ್ನಲು ಆಗುವುದಿಲ್ಲ. ಗಂಡನ ಹೆಸರನ್ನು ಆಡದೆ ಕಾಯ್ದುಕೊಂಡು ಬಂದದ್ದು ಅವಳೇ ನಡೆಸಿದ ಒಂದು ನೇಮ. ಯಾರೂ ಅವಳ ಮೇಲೆ ಹೊರಿಸಿದ್ದಲ್ಲ, ಬೇರೆಯವರು ಬಿಡು ಎಂದರೆ ಬಿಡುವಂಥದ್ದೂ ಅಲ್ಲ.

ಹಿಂದಿನ ಸಾಲು ಗೊಣಗತೊಡಗಿತು. "ಲೇ, ಗಂಡನ ಹೆಸರು ಹೇಳಾಕ ಇಷ್ಟು ಹೊತ್ತೇನು, ಮರತೀರೇನು" ಎಂದು ಒಬ್ಬ ಕೂಗಿದ. ಹುಲಗೆಮ್ಮ ಬಾಯಿ ತೆರೆದಳು. ಯ ಎಂಬಷ್ಟು ಬಂತು, ನಾಲಿಗೆ ಅಲ್ಲೇ ನಿಂತಿತು.

ಪಕ್ಕದಲ್ಲಿದ್ದ ಕಲ್ಲೂರಿನವಳು ತನ್ನ ಸಣ್ಣ ದನಿಯಲ್ಲಿ ಕೇಳಿದಳು: "ಸಂಬಂಧ ಇಲ್ಲದವ್ರು ಅಂದ್ರ, ನಾ ಇಕೀಗೆ ಏನಾಗಬೇಕ್ರೀ?"

ಪಾಷಾ ಅವಳನ್ನು ನೋಡಿದ. "ಏನೂ ಆಗಂಗಿಲ್ಲ."

"ಹಂಗಾರ ಇಕಿ ಗಂಡನ ಹೆಸರು ಯಂಕೋಬ. ನಾ ಹೇಳೀನಿ, ಬರ್ಕೊಳ್ರಿ."

ಹುಲಗೆಮ್ಮ ಮೊಬೈಲಿನ ಕಡೆ ತಿರುಗಿ, ಮಿರ್ಚಿ ಮಾರುವ ತನ್ನ ಎತ್ತರದ ದನಿಯಲ್ಲೇ ಹೇಳಿದಳು. "ಇಕಿ ಗಂಡನ ಹೆಸರು ವೆಂಕಣ್ಣ. ಊರು ಕಲ್ಲೂರು. ಕಟ್ಟಿ ಮ್ಯಾಲ ಕುಂತು ಸುಳ್ಳು ಹೇಳ್ತಾನ."

"ಕಡೀದು ಬ್ಯಾಡ" ಅಂದ ಪಾಷಾ. "ಇನ್ನೊಮ್ಮಿ ಹೇಳ್ರಿ, ಬರೇ ಹೆಸರು."

ಹಳೆಯ ಕಾರ್ಡುಗಳನ್ನು ಅಲ್ಲೇ ಕತ್ತರಿಸಿ ಡಬ್ಬಿಗೆ ಹಾಕಿದರು. ಹೊಸದು ಬಂದು, ಆಪರೇಷನ್ನಿನ ದಾಖಲೆ ಸರಿಯಾದ ಹುಲಗೆಮ್ಮನ ಕಡೆಗೆ ಹೋಗಿ ಸೇರುವವರೆಗೆ ಕಾಯಬೇಕಾಗಿತ್ತು. ಕಳುವು ಎಂದು ಒತ್ತಿದ್ದರೆ ಅಷ್ಟು ಕಾಯಬೇಕಾಗಿರಲಿಲ್ಲ. ಅದು ಅಂಬಿಕಾಳ ಬಾಯಲ್ಲಿ ದಿನಾ ಬರುತ್ತಿತ್ತು. ಆ ದಿನಗಳಲ್ಲಿ ಹುಲಗೆಮ್ಮ ತಾಲೂಕು ಆಸ್ಪತ್ರೆಯಲ್ಲಿ ರಕ್ತ ಏರಿಸಿಕೊಂಡು, ಮನೆಗೆ ಬಂದು, ಮಲಗು ಅಂದರೆ ಏಳುತ್ತಿದ್ದಳು. ಅಂಗಳಕ್ಕೆ ಹೋಗುವುದು, ಒಳಗೆ ಬರುವುದು. ಫೋನು ಕೈಯಲ್ಲಿ ಹಿಡಿದು ಸೂಗಮ್ಮನ ಹೆಸರಿನವರೆಗೆ ಹೋಗುವುದು, ಒತ್ತದೆ ಇಡುವುದು. ನಾನು ಗುಡಿಯ ಕುಂಕುಮ ಒಯ್ದು ಹಣೆಗಿಟ್ಟೆ. ಒಂದಿಷ್ಟು ಹೊತ್ತು ಕುಂದ್ರು ಎಂದೆ. ಕೂತಳು. ನಾನು ಎದ್ದಾಗ ನನಗಿಂತ ಮೊದಲು ಅವಳೇ ಎದ್ದಿದ್ದಳು.

ರಾಯಚೂರಿನಿಂದ ಬಾ ಎಂದು ಕರೆ ಬಂದ ದಿನ ಅಂಬಿಕಾಳ ಮಗುವಿಗೆ ಜ್ವರ. ಯಂಕೋಬನನ್ನು ಹೆಂಗಸರ ವಾರ್ಡಿನೊಳಗೆ ಬಿಡುವುದಿಲ್ಲ. ಸೂಗಮ್ಮನನ್ನು ಕರೆಯುವ ಮುಖ ಹುಲಗೆಮ್ಮನಿಗಿರಲಿಲ್ಲ. ಕೊನೆಗೆ ಅಂಬಿಕಾ ಫೋನು ಮಾಡಿದ್ದಕ್ಕೆ ಕಲ್ಲೂರ ಹುಲಗೆಮ್ಮನೇ ಕೈಚೀಲ ಹಿಡಿದು ರಾಯಚೂರಿನ ಆಸ್ಪತ್ರೆಗೆ ಬಂದಿಳಿದಳು.

"ಹುಲಗೆಮ್ಮನ ಕಡೇರು ಯಾರು?" ಎಂದು ನರ್ಸು ಕೇಳಿದಳು.

"ನಾನರೀ."

"ಹೆಸರು?"

"ಹುಲಗೆಮ್ಮ."

"ಪೇಷಂಟ್ ಹೆಸರಲ್ಲವ್ವಾ, ನಿನ್ನ ಹೆಸರು."

"ಎರಡೂ ಅದಾ ಅದರೀ. ಗಂಡಂದಿರು ಬ್ಯಾರೆ ಬ್ಯಾರೆ."

ನರ್ಸು ಹೊಸ ಕಾರ್ಡಿನ ಫೋಟೋವನ್ನೂ ಮಂಚದ ಮೇಲಿನ ಮುಖವನ್ನೂ ನೋಡಿ, ಬೆರಳು ಒತ್ತಿಸಿಕೊಂಡು ಹೋದಳು. ಕಲ್ಲೂರಿನವಳು ಮಂಚದ ಅಂಚಿಗೆ ಬಂದು ಕೂತಳು. "ಎಚ್ಚರಾದಾಗ ನೀರು ಬೇಕನಿಸ್ತದ. ಕೇಳಬ್ಯಾಡ, ಕೊಡಂಗಿಲ್ಲ. ನಾ ತುಟಿಗೆ ಹತ್ತಿ ಒದ್ದಿ ಮಾಡಿ ಹಚ್ತೀನಿ. ಕೆಮ್ಮು ಬಂದ್ರ ಹೊಟ್ಟಿಗೆ ದಿಂಬು ಒತ್ತಿ ಹಿಡ್ಕೋ. ಹಾಂ, ಏಳಬ್ಯಾಡ. ನೀ ಏಳಾಕಿ ಅಂತ ನಿನ್ನ ಮಗಳು ಹೇಳ್ಯಾಳ."

ಆಪರೇಷನ್ ಚೆನ್ನಾಗಿ ಆಯಿತು. ಹುಲಿಗಿ ತಾಯಿ ನಡೆಸಿದಳು.

ಮೂರನೆಯ ದಿನ ಮಧ್ಯಾಹ್ನ ಕಲ್ಲೂರಿನವಳು ಚಹಾ ತರಲು ಹೋದಾಗ ಹುಲಗೆಮ್ಮ ದಿಂಬಿನ ಕೆಳಗಿನಿಂದ ಫೋನು ತೆಗೆದು ಪೋತ್ನಾಳಕ್ಕೆ ಹಚ್ಚಿದಳು. ಆ ಕಡೆ ಎತ್ತಿದರು. ಅಂಗಡಿಯ ಮುಂದೆ ಲಾರಿ ಹೋದ ಸದ್ದು ಕೇಳಿತು.

"ನಾನು" ಅಂದಳು ಹುಲಗೆಮ್ಮ.

"ಗೊತ್ತದ. ಈಗೇನು ಕಳುವಾತು?"

"ಏನಿಲ್ಲ. ತಪ್ಪಾತು ಅನ್ನಾಕ ಮಾಡೀನಿ."

"ಅವತ್ತ ನಾಕು ಮಂದಿ ಮುಂದ ಅಂದಿ. ಈಗ ಫೋನಿನ್ಯಾಗ ಒಬ್ಬಾಕೀಗೆ ಅಂತೀಯೇನು?" ಅಂದಳು ಸೂಗಮ್ಮ. "ಅಂಗಡಿ ಮುಂದ ಬಂದು ಅನ್ನು. ನಾಟಿ ಹೆಣ್ಮಕ್ಳೂ ಇರ್ತಾರ. ನಿನಗ ಮೈಕು ಬ್ಯಾಡ, ಹಂಗಾ ಕೇಳ್ತದ."

ಹುಲಗೆಮ್ಮನಿಗೆ ನಗು ಬಂತು. ಹೊಲಿಗೆ ಎಳೆದು ಅಮ್ಮಾ ಎಂದು ದಿಂಬನ್ನು ಹೊಟ್ಟೆಗೆ ಒತ್ತಿಕೊಂಡಳು.

"ಏನಾತು?"

"ನಗಸಬ್ಯಾಡ, ಹೊಲಗಿ ಜಗ್ಗತಾವ."

"ನಾ ನಗಸಾಕ ಹೇಳಿಲ್ಲ" ಎಂದು ಸೂಗಮ್ಮ ಫೋನಿಟ್ಟಳು.

ಚಹಾ ತಂದ ಕಲ್ಲೂರ ಹುಲಗೆಮ್ಮ ನೋಡುವಾಗ ಇವಳು ಕಾಲು ಕೆಳಗೆ ಬಿಟ್ಟು ಮಂಚದ ಅಂಚಿನಲ್ಲಿದ್ದಳು. ಪೋತ್ನಾಳದ ಕಡೆಯ ಮೊದಲ ಬಸ್ಸು ಬೆಳಗ್ಗೆ ಎಷ್ಟಕ್ಕೆ ಎಂದು ಪಕ್ಕದ ಮಂಚದವರನ್ನು ಕೇಳುತ್ತಿದ್ದಳು.